ವೀರಗಲ್ಲಿನಲ್ಲಿ ಕಾಣದ ಕಣ್ಣೀರು

ಸಂಜೆಯ ಜಪಸರದ ತರುವಾಯ ಪವಿತ್ರ ಬೈಬಲಿನ ಒಂದು ಅಧ್ಯಾಯವನ್ನು ಓದುವ ಪರಿಪಾಠವುಳ್ಳ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಮನೆಯೊಂದಕ್ಕೆ ಭೇಟಿಯಿತ್ತಾಗ ಆ ಮನೆಯ ತಾಯಿ ನಮ್ಮನ್ನು ಕೇಳಿದರು: "ಫಾದರ್, ಈ ಹಳೇ ಒಡಂಬಡಿಕ್ಯಾಗ ಬರೀ ಯುದ್ಧ, ರಕ್ತ. ಮಕ್ಕಳ ಮುಂದ ಹೆಂಗ ಓದೂದ್ರೀ?" ಅವರ ಹಿರಿಯ ಮಗ ಸೈನ್ಯದಲ್ಲಿದ್ದಾನೆ. ಆ ಪ್ರಶ್ನೆಯ ಹಿಂದೆ ಇದ್ದ ಭಯ ನಮಗೆ ಅರ್ಥವಾಗದಿರಲಿಲ್ಲ.

ಸುಲಭದ ಉತ್ತರಗಳು ಎರಡಿವೆ. ಅಂಥ ಪುಟಗಳನ್ನು ಬಿಟ್ಟುಬಿಡುವುದು ಮೊದಲನೆಯದು. ಎರಡನೆಯ ಶತಮಾನದಲ್ಲಿ ಮಾರ್ಸಿಯೋನನೆಂಬವನು ಹಳೆಯ ಒಡಂಬಡಿಕೆಯನ್ನೇ ತಳ್ಳಿಹಾಕಿದನು. ರೋಮಿನ ಧರ್ಮಸಭೆಯು ಅವನನ್ನು ಹೊರಗಿಟ್ಟು ಗ್ರಂಥವನ್ನು ಉಳಿಸಿಕೊಂಡಿತು. ಅಲ್ಲಿ ಬರೆದಿರುವುದೆಲ್ಲವೂ ದೇವರಿಗೆ ಮೆಚ್ಚಿಗೆಯಾದದ್ದೆಂದು ನಂಬುವುದು ಎರಡನೆಯ ಉತ್ತರ. ಇದೂ ಧರ್ಮಸಭೆಯ ಬೋಧನೆಯಲ್ಲ. ಹಳೆಯ ಒಡಂಬಡಿಕೆಯಲ್ಲಿ ಅಪೂರ್ಣವೂ ತಾತ್ಕಾಲಿಕವೂ ಆದ ಸಂಗತಿಗಳಿವೆ, ಆದರೂ ದೇವರು ಮನುಷ್ಯನನ್ನು ಹಂತಹಂತವಾಗಿ ತಿದ್ದಿದ ಕ್ರಮ ಅವುಗಳಲ್ಲಿ ಕಾಣುತ್ತದೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ತಿಳಿಸಿತು. ಇಂಥ ಕತ್ತಲೆಯ ಭಾಗಗಳನ್ನು ಕ್ರಿಸ್ತರ ಬೆಳಕಿನಲ್ಲಿಯೇ ಓದಬೇಕೆಂದು ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು 2010ರಲ್ಲಿ ನೆನಪಿಸಿದರು. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ನಡೆದದ್ದನ್ನು ಹೇಳುವುದು ಬೇರೆ, ಹಾಗೆ ನಡೆಯಬೇಕೆಂದು ವಿಧಿಸುವುದು ಬೇರೆ.

ನಮ್ಮ ಹಾವೇರಿ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅವು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ದೇವಸನ್ನಿಧಿ. ಆದರೆ ಆ ವೀರನ ತಾಯಿ ಅತ್ತದ್ದನ್ನು ಶಿಲ್ಪಿ ಕೆತ್ತಲಿಲ್ಲ.

ಬೈಬಲ್ ಅದನ್ನು ಬರೆದಿಟ್ಟಿದೆ. ಸಮುವೇಲನ ಎರಡನೆಯ ಗ್ರಂಥದ ಇಪ್ಪತ್ತೊಂದನೆಯ ಅಧ್ಯಾಯವನ್ನು ತೆರೆಯಿರಿ. ನಾಡಿನಲ್ಲಿ ಮೂರು ವರ್ಷ ಬರಗಾಲ. ಸೌಲನು ಮಾಡಿದ ಹತ್ಯೆಗೆ ಪ್ರತಿಯಾಗಿ ಅವನ ವಂಶದ ಏಳು ಮಂದಿಯನ್ನು ದಾವೀದನು ಗಿಬ್ಯೋನರಿಗೆ ಒಪ್ಪಿಸುತ್ತಾನೆ. ಅವರು ಆ ಏಳು ಮಂದಿಯನ್ನು ಗುಡ್ಡದ ಮೇಲೆ ನೇತುಹಾಕುತ್ತಾರೆ. ಅವರಲ್ಲಿ ಇಬ್ಬರು ರಿಚ್ಪಳ ಮಕ್ಕಳು. ಆಕೆ ಬಂಡೆಯ ಮೇಲೆ ಗೋಣಿತಟ್ಟನ್ನು ಹಾಸಿಕೊಂಡು, ಜವೆಗೋದಿಯ ಸುಗ್ಗಿಯಿಂದ ಮಳೆ ಬೀಳುವವರೆಗೆ, ಹಗಲು ಹಕ್ಕಿಗಳನ್ನೂ ಇರುಳು ಕಾಡುಮೃಗಗಳನ್ನೂ ಓಡಿಸುತ್ತಾ ಹೆಣಗಳನ್ನು ಕಾಯುತ್ತಾಳೆ. ಆ ಅಧ್ಯಾಯದಲ್ಲಿ ಆಕೆ ಒಂದು ಮಾತನ್ನೂ ಆಡುವುದಿಲ್ಲ. ಸುದ್ದಿ ಅರಸನ ಕಿವಿಗೆ ಬೀಳುತ್ತದೆ. ಅವನು ಸೌಲ ಮತ್ತು ಯೋನಾತಾನರ ಎಲುಬುಗಳನ್ನು ತರಿಸಿ, ಆ ಏಳು ಮಂದಿಯ ಎಲುಬುಗಳನ್ನೂ ಕೂಡಿಸಿ, ಗೌರವದಿಂದ ಮಣ್ಣುಮಾಡಿಸುತ್ತಾನೆ. ನಾಡಿಗಾಗಿ ಮಾಡಿದ ಮೊರೆಯನ್ನು ದೇವರು ಆಲಿಸಿದ್ದು ಇದಾದ ಮೇಲೆ ಎಂಬುದನ್ನು ಗಮನಿಸಬೇಕು. ಏಳು ಜನ ಸತ್ತ ಕೂಡಲೇ ಬರ ನೀಗಿತೆಂದು ಗ್ರಂಥ ಹೇಳುವುದಿಲ್ಲ. ಒಬ್ಬ ತಾಯಿಯ ದುಃಖ ಅರಸನ ಕಣ್ಣು ತೆರೆಸಿತು.

ಇದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಬಾಯಾರಿದ ದಾವೀದನು ಬೆತ್ಲೆಹೇಮಿನ ಬಾವಿಯ ನೀರಿಗೆ ಹಂಬಲಿಸುತ್ತಾನೆ. ಮೂವರು ವೀರರು ಶತ್ರುಗಳ ದಂಡನ್ನು ಭೇದಿಸಿ ಹೋಗಿ ಆ ನೀರನ್ನು ತರುತ್ತಾರೆ. ಆದರೆ ಅವನು ಅದನ್ನು ಕುಡಿಯದೆ ದೇವರ ಹೆಸರಿನಲ್ಲಿ ನೆಲಕ್ಕೆ ಹೊಯ್ಯುತ್ತಾನೆ. ಜೀವದ ಹಂಗು ತೊರೆದು ತಂದ ನೀರು ಅವನಿಗೆ ಅವರ ರಕ್ತವಾಗಿಯೇ ಕಂಡಿತು. ತನ್ನ ಒಂದು ಬಯಕೆಗಾಗಿ ಇತರರ ಮಕ್ಕಳು ಸಾಯಬಹುದೆಂದು ತಿಳಿದ ನಾಯಕನು ನಾಚಿಕೊಳ್ಳಬೇಕು. ಈ ಪಾಠ ಅರಸರಿಗೆ ಮಾತ್ರವಲ್ಲ, ಯುದ್ಧದ ಸುದ್ದಿಯನ್ನು ಆಟದ ಸುದ್ದಿಯಂತೆ ಚಪ್ಪರಿಸುವ ನಮಗೂ ಸಲ್ಲುತ್ತದೆ.

ತ್ಯಾಗವೆಂಬ ಮಾತು ಮೋಟೆಬೆನ್ನೂರಿಗೆ ಹೊಸದಲ್ಲ. 1911ರಲ್ಲಿ ಈ ಊರಿನಲ್ಲಿ ಹುಟ್ಟಿದ ಮೈಲಾರ ಮಹಾದೇವರು 1930ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿ, ಗಾಂಧೀಜಿಯವರೊಡನೆ ದಂಡಿಯವರೆಗೆ ನಡೆದರು. ಆ ತಂಡದಲ್ಲಿದ್ದ ಏಕೈಕ ಕನ್ನಡಿಗರು ಅವರು. ಅವರ ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡರು. 1943ರ ಏಪ್ರಿಲ್ 1ರಂದು, ವರದಾ ನದಿಯ ದಡದ ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಮಹಾದೇವರು, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಮೂವರು ಬಲಿಯಾದರು. ಮಹಾದೇವರಿಗೆ ಆಗ ಮೂವತ್ತೆರಡೂ ತುಂಬಿರಲಿಲ್ಲ. 2018ರಲ್ಲಿ ಅವರ ಅಂಚೆಚೀಟಿ ಹೊರಬಂದಿತು. ಹಾವೇರಿಯ ರೈಲು ನಿಲ್ದಾಣ ಇಂದು ಅವರ ಹೆಸರನ್ನು ಹೊತ್ತಿದೆ.

ದಂಡಿಯ ದಾರಿ ಬೇರೆ, ಹೊಸರಿತ್ತಿಯ ದಾರಿ ಬೇರೆ ಎಂದು ವಾದಿಸುವವರುಂಟು. ಆ ಚರ್ಚೆ ನ್ಯಾಯವಾದದ್ದೇ. ಆದರೆ ಮಡಿದವರನ್ನು ಗೌರವಿಸಲು ಅವರು ನಿರ್ದೋಷಿಗಳಾಗಿರಬೇಕೆಂಬ ನಿಯಮವಿಲ್ಲ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ, ಯುದ್ಧದಲ್ಲಿ ಸತ್ತ ಯೆಹೂದ್ಯ ಸೈನಿಕರ ಉಡುಪಿನೊಳಗೆ ವಿಗ್ರಹದ ತಾಯಿತಗಳು ಸಿಕ್ಕವು. ಅದು ಧರ್ಮಶಾಸ್ತ್ರಕ್ಕೆ ವಿರುದ್ಧ. ಯೂದನು ಅವರನ್ನು ಶಪಿಸಲಿಲ್ಲ. ಅವರಿಗಾಗಿ ಪ್ರಾರ್ಥಿಸಿ, ಹಣ ಕೂಡಿಸಿ, ಪಾಪಪರಿಹಾರದ ಬಲಿಗೆಂದು ಜೆರುಸಲೇಮಿಗೆ ಕಳುಹಿಸಿದನು. ನವೆಂಬರ್ 2ರಂದು ನಾವು ಸಮಾಧಿಗಳ ಬಳಿ ಮೇಣದಬತ್ತಿ ಹಚ್ಚುವಾಗ ಈ ನಂಬಿಕೆಯಲ್ಲಿಯೇ ನಿಂತಿರುತ್ತೇವೆ.

ಹಾಗಾದರೆ ಯಾವ ತ್ಯಾಗ ದೇವರಿಗೆ ಪ್ರಿಯ? ಯೆಫ್ತಾಹನು ಗೆಲುವಿಗಾಗಿ ಹರಕೆ ಹೊತ್ತು ಮಗಳನ್ನು ಕಳೆದುಕೊಂಡನು. ಆ ಹರಕೆಯನ್ನು ದೇವರು ಕೇಳಿರಲಿಲ್ಲ. ಅಬ್ರಹಾಮನು ಕತ್ತಿ ಎತ್ತಿದಾಗ ದೇವದೂತನು ಅವನ ಕೈಯನ್ನು ತಡೆದನು. ಕೊನೆಗೆ ಗೆತ್ಸೆಮನಿಯ ತೋಪಿನಲ್ಲಿ ಯೇಸುಸ್ವಾಮಿ ಪೇತ್ರನ ಕತ್ತಿಯನ್ನು ಒರೆಗೆ ಸೇರಿಸಿ, ತಾವೇ ಶಿಲುಬೆಗೆ ನಡೆದರು. ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಓದಿದರೆ ದಾರಿ ತಿಳಿಯುತ್ತದೆ. ಇತರರ ಪ್ರಾಣವನ್ನು ಕೇಳುವುದು ತ್ಯಾಗವಲ್ಲ. ಪ್ರೀತಿಯಿಂದ ತನ್ನದನ್ನು ಕೊಡುವುದು ತ್ಯಾಗ. ಪ್ರತಿ ಬಲಿಪೂಜೆಯಲ್ಲಿ ನಾವು ಸ್ಮರಿಸುವುದು ಇದನ್ನೇ.

ಆ ತಾಯಿಗೆ ನಾವು ಹೇಳಿದ್ದಿಷ್ಟೇ: ಆ ಪುಟಗಳನ್ನು ಬಿಡಬೇಡಿರಿ, ಆದರೆ ಗೆದ್ದವರ ಕಡೆಯಿಂದ ಮಾತ್ರ ಓದಬೇಡಿರಿ. ರಿಚ್ಪಳ ಪಕ್ಕದಲ್ಲಿ ಕುಳಿತು ಓದಿರಿ. ಓದಿದ ಮೇಲೆ ಗಡಿ ಕಾಯುವ ಮಗನ ಹೆಸರು ಹೇಳಿರಿ. ಆಚೆಯ ಗಡಿಯಲ್ಲಿರುವವನಿಗೂ ತಾಯಿಯೊಬ್ಬಳಿದ್ದಾಳೆಂದು ಮಕ್ಕಳಿಗೆ ತಿಳಿಸಿ, ಆಕೆಗಾಗಿಯೂ ಒಂದು 'ನಮೋ ಮರಿಯಾ' ಹೇಳಿಸಿರಿ.

ಏಪ್ರಿಲ್ 1 ಯಾವ ವರ್ಷವಾದರೂ ತಪಸ್ಸುಕಾಲದಲ್ಲೋ ಪಾಸ್ಖಕಾಲದಲ್ಲೋ ಬರುತ್ತದೆ. ಅಂದು ಹೊಸರಿತ್ತಿಯ ಮೂವರನ್ನೂ, ಅವರಿಗಾಗಿ ಅತ್ತ ಮನೆಯವರನ್ನೂ, ಗುಂಡು ಹಾರಿಸಿದವರನ್ನೂ ನಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳೋಣ. ಶಿಲುಬೆಯ ಮೇಲಿದ್ದವರು ತಮ್ಮನ್ನು ಕೊಂದವರಿಗಾಗಿಯೂ ಪ್ರಾರ್ಥಿಸಿದರಲ್ಲವೇ?