ಮೇಳ ಯಾರದ್ದು, ದುಡ್ಡು ಯಾರದ್ದು?



ಕಳೆದ ಸುಗ್ಗಿ ಮುಗಿದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಒಂದು ಕೃಷಿ ಮೇಳ ನಡೆಯಿತು. ಉದ್ಘಾಟನೆಗೆ ಜನ ಸಾಲದು ಅಂತ ಹಾಸ್ಟೆಲ್ಲಿಗೆ ಹೇಳಿ ಕಳಿಸಿದರು. ನಾವು ನಲವತ್ತು ಮಂದಿ ಹೋದೆವು. ಮೊದಲು ಕುರ್ಚಿ ಹೊತ್ತೆವು, ಆಮೇಲೆ ಅದೇ ಕುರ್ಚಿಗಳಲ್ಲಿ ಕೂತು ಚಪ್ಪಾಳೆ ತಟ್ಟಿದೆವು. ಊಟದ ಟೋಕನ್ನು ನಮ್ಮ ಸಾಲಿಗೆ ಬರುವ ಹೊತ್ತಿಗೆ ಮುಗಿದುಹೋಗಿತ್ತು. ಅದು ಹೋಗಲಿ ಬಿಡಿ, ಹಸಿವು ನಮಗೆ ಹೊಸದಲ್ಲ.

ಹೊಟ್ಟೆ ಉರಿಸಿದ್ದು ಬೇರೆ. ಒಂದು ಜೋಡಿ ಹಳ್ಳಿಕಾರ್ ಹೋರಿಗಳಿಗೆ ಮೊದಲ ಬಹುಮಾನ ಬಂತು. ಅವನ್ನು ವೇದಿಕೆವರೆಗೂ ಹಿಡಿದು ತಂದವನು ನಮ್ಮ ಕೇರಿಯ ಅಣ್ಣ. ಕೋಳಿ ಕೂಗೋಕೆ ಮುಂಚೆ ಎದ್ದು ಮೈ ತೊಳೆದು, ಹಿಂಡಿ ಕಲಸಿ, ಸಗಣಿ ಬಾಚಿ, ಕರುವಾಗಿದ್ದಾಗಿಂದ ಅವನ್ನು ಸಾಕಿದವನು ಅವನೇ. ಮೈಕಿನಲ್ಲಿ ಕೂಗಿದ್ದು ಮಾತ್ರ ಹೋರಿಯ ಒಡೆಯನ ಹೆಸರು. ಶಾಲು ಬಿದ್ದದ್ದು ಆ ಹೆಗಲಿಗೆ. ಅಣ್ಣ ಹಗ್ಗ ಹಿಡಿದು ಕೆಳಗೇ ನಿಂತಿದ್ದ. ಕೈ ಬಿಟ್ಟರೆ ಹೋರಿ ನುಗ್ಗುತ್ತಲ್ಲ, ಅವನಿಗೆ ಚಪ್ಪಾಳೆ ತಟ್ಟೋಕೂ ಆಗಲಿಲ್ಲ. ಇಂಥ ಹೋರಿ ಸತ್ತ ದಿನ ಹೇಳಿ ಕಳಿಸುತ್ತಿದ್ದದ್ದು ಯಾವ ಕೇರಿಗೆ ಅನ್ನುವುದನ್ನು ನಮ್ಮ ಅಜ್ಜಂದಿರನ್ನು ಕೇಳಿ.

ವೇದಿಕೆಯ ಹಿಂದೆ ಬ್ಯಾನರು. ಮೇಲೆ ದಪ್ಪಕ್ಷರದಲ್ಲಿ ಒಂದು ಸಂಘದ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಸರ್ಕಾರದ ಸಹಯೋಗದೊಂದಿಗೆ ಅಂತ. ಈ ಸಹಯೋಗ ಎಷ್ಟು ರೂಪಾಯಿಯದು ಸ್ವಾಮಿ ಅಂತ ನಮ್ಮಲ್ಲೊಬ್ಬ ಖಜಾಂಚಿಯನ್ನು ಕೇಳಿದ. 'ಓದೋ ಹುಡುಗರು ಓದ್ಕೊಳ್ರಪ್ಪ' ಅಂದರು. ಓದಿದೆವು. ಓದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೇಳವೇ ಬೇಡ ಅನ್ನುವವರು ನಾವಲ್ಲ. ಜಾತ್ರೆಯ ಧೂಳು ಕುಡಿದೇ ಬೆಳೆದವರು ನಾವು. ಹೊಸ ಬಿತ್ತನೆ ಬೀಜ, ಒಳ್ಳೆ ತಳಿ, ಕಳೆ ತೆಗೆಯೋ ಯಂತ್ರ, ಇವನ್ನೆಲ್ಲ ಹಳ್ಳಿಯವನು ಕಣ್ಣಾರೆ ನೋಡಬೇಕು, ಕೈಯಲ್ಲಿ ಮುಟ್ಟಬೇಕು. ಬೆಂಗಳೂರಿನ ಜಿಕೆವಿಕೆಯಲ್ಲಿ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯಗಳೇ ಮೇಳ ಮಾಡುತ್ತವೆ. ಅಲ್ಲಿ ತಪ್ಪು ನಡೆಯೋದಿಲ್ಲ ಅಂತಲ್ಲ, ಆದರೆ ತಪ್ಪಾದರೆ ಹೆಸರು ಹಿಡಿದು ಕೇಳಲು ಒಬ್ಬ ಅಧಿಕಾರಿ ಇರುತ್ತಾನೆ, ಆಡಿಟ್ಟು ಇರುತ್ತದೆ.

ಸಂಘದ ದಾರಿ ಬೇರೆ. ಏಳು ಜನ ಸೇರಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ರಿಜಿಸ್ಟ್ರಿ ಮಾಡಿಸಿದರೆ ಸಂಘ ಆಯ್ತು. ಏಳೂ ಜನ ಒಂದೇ ಬೀದಿಯವರಾದರೆ ಕೇಳುವವರಿಲ್ಲ. ಇಲಾಖೆಯೇ ಶಾಮಿಯಾನ ಹಾಕಿಸಬೇಕಾದರೆ ಟೆಂಡರು, ಕಡತ, ಆಕ್ಷೇಪಣೆ ಅಂತ ನೂರೆಂಟು ರಗಳೆ. ಸಂಘದ ಕೈಗೆ ಅನುದಾನ ಕೊಟ್ಟರೆ ಕೊನೆಯಲ್ಲಿ ಒಂದು ಬಳಕೆ ಪ್ರಮಾಣಪತ್ರ ಬಂದರೆ ಸಾಕು, ಕಡತ ಮುಚ್ಚಬಹುದು. ಇಲಾಖೆಗೆ ತಲೆನೋವಿಲ್ಲ, ರಾಜಕಾರಣಿಗೆ ಹಾರ ತಪ್ಪಲಿಲ್ಲ. ಎಲ್ಲರಿಗೂ ಸಲೀಸು, ಹಗ್ಗ ಹಿಡಿದವನೊಬ್ಬನನ್ನು ಬಿಟ್ಟು.

ಇದು ನಮ್ಮೂರಿನವರೇ ಕಂಡುಹಿಡಿದ ಜಾಣತನ ಅಂದುಕೊಂಡಿದ್ದೆವು. ಅಲ್ಲ, ಇದಕ್ಕೆ ಇನ್ನೂರು ವರ್ಷ ವಯಸ್ಸು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪಿಟ್ಸ್‌ಫೀಲ್ಡ್ ಅಂತ ಒಂದು ಊರು. ಅಲ್ಲಿ 1807ರಲ್ಲಿ ಎಲ್ಕಾನಾ ವಾಟ್ಸನ್ ಎಂಬಾತ ಎರಡು ಮೆರಿನೋ ಕುರಿಗಳನ್ನು ಊರ ಬಯಲಲ್ಲಿ ಕಟ್ಟಿ ಜನಕ್ಕೆ ತೋರಿಸಿದ. ಆತ ಕೆಸರು ತುಳಿದು ಬೆಳೆದ ರೈತನಲ್ಲ, ವ್ಯಾಪಾರ, ಬ್ಯಾಂಕು ಮಾಡಿದವನು. 1811ರ ಹೊತ್ತಿಗೆ ಅಲ್ಲಿ ಬರ್ಕ್‌ಶೈರ್ ಕೃಷಿ ಸಂಘ ಎದ್ದು ನಿಂತಿತು. ಖಾಸಗಿ ಸಂಘವೇ ವರ್ಷವರ್ಷ ಮೇಳ ನಡೆಸುವ ಪದ್ಧತಿ ಅಲ್ಲಿಂದ ಹಬ್ಬಿತು.

1819ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಇಂಥ ಸಂಘಗಳಿಗೆ ಬೊಕ್ಕಸದಿಂದ ಹಣ ಕೊಡುವ ಕಾನೂನು ಮಾಡಿತು. ಕರಾರು ನೋಡಿ: ಸಂಘ ತಾನೇ 1000 ಡಾಲರು ಕೂಡಿಸಿ ತೋರಿಸಿದರೆ ಸರ್ಕಾರದಿಂದ ವರ್ಷಕ್ಕೆ 200 ಡಾಲರು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ವರ್ಷಕ್ಕೆ 10,000 ಡಾಲರಿನಂತೆ ಎರಡು ವರ್ಷ ಜಿಲ್ಲಾ ಸಂಘಗಳಿಗೆ ಹಂಚಲು ಹೊರಟಿತು. ಅಲ್ಲೂ ಅಷ್ಟೇ, ಸಂಘ ಎಷ್ಟು ಎತ್ತುತ್ತದೋ ಅದಕ್ಕೆ ಸರಿಯಾಗಿ ಸರ್ಕಾರ ಕೊಡುತ್ತದೆ.

ಕೇಳೋಕೆ ನ್ಯಾಯವಾಗೇ ಇದೆ. ನೀನೂ ಹಾಕು, ನಾನೂ ಹಾಕ್ತೀನಿ. ಆದರೆ ಸ್ವಲ್ಪ ನಿಂತು ನೋಡಿ. ಬೊಕ್ಕಸಕ್ಕೆ ತೆರಿಗೆ ಎಲ್ಲರ ಜೇಬಿನಿಂದ ಬಂದಿದೆ, ಕೂಲಿಯವನು ಕೊಂಡ ಸೋಪಿನಿಂದಲೂ ಬಂದಿದೆ. ವಾಪಸು ಹೋಗುವಾಗ ಮಾತ್ರ ಅದು ಆಗಲೇ ದುಡ್ಡಿದ್ದವನ ಮನೆ ಬಾಗಿಲನ್ನೇ ಹುಡುಕಿಕೊಂಡು ಹೋಗುತ್ತದೆ. ಸಾವಿರ ಇದ್ದವನಿಗೆ ಇನ್ನೂರು, ಏನೂ ಇಲ್ಲದವನಿಗೆ ಏನೂ ಇಲ್ಲ. ಮೇಲಿನಿಂದ ಇದಕ್ಕೆ ಸ್ವಾವಲಂಬನೆ ಅಂತ ಹೆಸರು ಬೇರೆ. ನಮ್ಮ ಸಂಘಗಳು ಅರ್ಜಿ ಹಾಕಿದಾಗ ನಿಮ್ಮ ವಂತಿಗೆ ಎಷ್ಟು ಅಂತ ಮೊದಲು ಕೇಳುತ್ತಾರಲ್ಲ, ಅದರ ಅಜ್ಜ ಈ 1819ರ ಕಾನೂನು.

ಅಮೆರಿಕಕ್ಕೆ ಯಾಕೆ ಹೋದಿರಿ ಅಂತ ಕೇಳಬೇಡಿ. ಬಾಬಾಸಾಹೇಬರು 1946ರಲ್ಲಿ ಕರಿಯರ ನಾಯಕ ಡುಬಾಯ್ಸ್‌ಗೆ ಕಾಗದ ಬರೆದವರು. 1972ರಲ್ಲಿ ಬೊಂಬಾಯಿನ ಹುಡುಗರು ಪ್ಯಾಂಥರ್ ಅನ್ನೋ ಹೆಸರನ್ನು ತಂದುಕೊಂಡದ್ದೂ ಅಲ್ಲಿಂದಲೇ. ಅವರ ಕಥೆ ನಮಗೆ ದಾಯಾದಿಗಳ ಕಥೆ ಇದ್ದ ಹಾಗೆ.

ಅಲ್ಲಿನ ನಾರ್ತ್ ಕೆರೋಲಿನಾ ರಾಜ್ಯದ ಮೇಳವನ್ನು 1853ರಿಂದ ನಡೆಸುತ್ತಿದ್ದದ್ದು ಬಿಳಿಯರ ಒಂದು ಕೃಷಿ ಸಂಘ. ಆಗಿನ್ನೂ ಗುಲಾಮಗಿರಿ ಅಲ್ಲಿ ಕಾನೂನು. ಎಷ್ಟೋ ಹೊಲಗಳಲ್ಲಿ ಹತ್ತಿ, ಹೊಗೆಸೊಪ್ಪು ಬೆಳೆದವನು ಗುಲಾಮ, ಬೆಳೆ ಯಜಮಾನನದು. 1865ರಲ್ಲಿ ಗುಲಾಮಗಿರಿ ಹೋಯಿತು. ಹೋಗಿ ಹದಿನಾಲ್ಕೇ ವರ್ಷಕ್ಕೆ, 1879ರಲ್ಲಿ, ಅಲ್ಲಿನ ಕರಿಯರು ತಮ್ಮದೇ ಸಂಘ ಕಟ್ಟಿ ರಾಲಿ ನಗರದಲ್ಲಿ ತಮ್ಮದೇ ಮೇಳ ಮಾಡಿದರು. ಅದನ್ನು ಕಟ್ಟಿದವರಲ್ಲಿ ಮುಖ್ಯನಾದ ಚಾರ್ಲ್ಸ್ ಹಂಟರ್ ಸ್ವತಃ ಗುಲಾಮನಾಗಿ ಹುಟ್ಟಿದವನು. ಮರುವರ್ಷ 1880ರಲ್ಲಿ ಫ್ರೆಡರಿಕ್ ಡಗ್ಲಸ್ ಬಂದು ಅಲ್ಲಿ ಭಾಷಣ ಮಾಡಿದರು. ತಾವು ಬೆಳೆದ ಜೋಳ, ತಾವು ಹೊಲಿದ ಬಟ್ಟೆ, ತಾವು ಸಾಕಿದ ದನ, ಎಲ್ಲದಕ್ಕೂ ತಮ್ಮ ಹೆಸರಿನ ಚೀಟಿ! ಆ ಮೇಳ 1930ರವರೆಗೆ ನಡೆಯಿತು.

ಇದನ್ನು ಓದಿದಾಗ ನಮಗೆ ಮೈ ಜುಂ ಅಂದಿತು. ಆಮೇಲೆ ಕೂತು ಯೋಚಿಸಿದಾಗ ಒಂದು ಅನುಮಾನವೂ ಬಂತು. ನಿಮ್ಮದೇ ಬೇರೆ ಮೇಳ ಇದೆಯಲ್ಲ, ಅಲ್ಲಿಗೇ ಹೋಗಿ ಅನ್ನುವುದಕ್ಕೆ ಬಿಳಿಯರಿಗೆ ಅದೂ ಒಂದು ನೆಪ ಆಗಿರಬೇಕು. ನಮ್ಮ ಊರುಗಳಲ್ಲಿ ಬೇರೆ ಲೋಟ ಇಟ್ಟವರೂ ಹೀಗೇ ಅಲ್ಲವೇ, ನಿಮಗೂ ಲೋಟ ಇದೆಯಲ್ಲ ಅನ್ನುವುದು!

ಇನ್ನು ಟೆಕ್ಸಾಸ್. ಡಲ್ಲಾಸ್ ನಗರದ ಮೇಳದ ಮೈದಾನ 1904ರಿಂದ ನಗರಸಭೆಯ ಆಸ್ತಿ, ಅಂದರೆ ಸಾರ್ವಜನಿಕರದ್ದು. ಮೇಳ ನಡೆಸುವುದು ಖಾಸಗಿ ಸಂಘ. 1936ರಿಂದ ಕರಿಯರಿಗೆ ಅಂತಲೇ ಒಂದು ದಿನ ಗೊತ್ತು ಮಾಡಿದರು, ಹೆಸರು ನೀಗ್ರೋ ಸಾಧನಾ ದಿನ. ಸನ್ಮಾನ ಉಂಟು, ಆದರೆ ಕೆಲವು ಆಟಗಳಿಗೆ ಹತ್ತುವ ಹಾಗಿಲ್ಲ, ಕೆಲವು ತಿಂಡಿ ಅಂಗಡಿಗಳಲ್ಲಿ ಕೂರುವ ಹಾಗಿಲ್ಲ. 1955ರಲ್ಲಿ ಜುವಾನಿಟಾ ಕ್ರಾಫ್ಟ್ ಎಂಬ ತಾಯಿಯ ಮಾರ್ಗದರ್ಶನದಲ್ಲಿ ಹುಡುಗರು, ಹುಡುಗಿಯರು ಆ ಸಾಧನಾ ದಿನದಂದೇ ಗೇಟಿನ ಮುಂದೆ ಫಲಕ ಹಿಡಿದು ನಿಂತರು. ಆಟಕ್ಕೋಸ್ಕರ ಸ್ವಾಭಿಮಾನ ಮಾರಬೇಡಿ ಅಂತ ತಮ್ಮ ಜನಕ್ಕೇ ಹೇಳಿದರು. ನಿಂತವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರು. ನಾವು ಕುರ್ಚಿ ಹೊತ್ತ ವಯಸ್ಸಿನಲ್ಲಿ ಅವರು ಫಲಕ ಹೊತ್ತಿದ್ದರು ಅನ್ನುವುದು ನೆನಪಾದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ.

ಸಂಘ ಖಾಸಗಿ, ಅದರ ನಿಯಮ ಅದರದ್ದು ಅಂತ ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ಸಂಘದವರನ್ನು ಕೇಳಿದರೆ ಇದು ಸರ್ಕಾರದ ಸಹಯೋಗ ಅಂತ ಎದೆ ಉಬ್ಬಿಸುತ್ತಾರೆ. ಹಣ ತಗೊಳ್ಳುವಾಗ ಸಾರ್ವಜನಿಕ, ಲೆಕ್ಕ ಕೇಳಿದಾಗ ಖಾಸಗಿ.

ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ಗಂಟು ಇದೆ. 2013ರ ಕಾಯ್ದೆಯ ಪ್ರಕಾರ ಯೋಜನೆಯ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲು, ಅಂದರೆ 24.1 ಪರ್ಸೆಂಟು, ನಮಗಾಗಿಯೇ ಖರ್ಚಾಗಬೇಕು. ಆದರೆ ಅದೇ ಕಾಯ್ದೆಯಲ್ಲಿ 7(ಡಿ) ಅಂತ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಅಂತ ಮಾಡಿದ ಕಾಮಗಾರಿಯ ಒಂದು ಭಾಗವನ್ನೂ ನಮಗೇ ಖರ್ಚಾಯಿತೆಂದು ಭಾವಿಸಿ ಲೆಕ್ಕ ಬರೆಯಬಹುದಿತ್ತು. ಭಾವಿಸೋದು ಕವಿಗಳ ಕೆಲಸ ಅಂದುಕೊಂಡಿದ್ದೆವು, ಖಜಾನೆಯವರೂ ಭಾವಿಸುತ್ತಾರೆ! ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಆ 7(ಡಿ)ಯನ್ನು ತೆಗೆದರು. ಕಿಂಡಿ ಮುಚ್ಚಿತು ನಿಜ. ಮೇಳದ ಅನುದಾನ ಯಾವ ಲೆಕ್ಕ ಶೀರ್ಷಿಕೆಯಿಂದ ಹೋಗುತ್ತಿದೆ ಅನ್ನುವುದನ್ನು ಇನ್ನು ಮುಂದೆ ನಾವೇ ನೋಡಬೇಕು.

ನೋಡುವುದು ಹೇಗೆ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಖಾಸಗಿ ಸಂಸ್ಥೆಯೂ ಅದರಡಿ ಬರುತ್ತದೆ ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಸಂಘದವರು ನಾವು ಬರೋಲ್ಲ ಅಂತ ತಕರಾರು ತೆಗೆದರೆ ಹಣ ಕೊಟ್ಟ ಇಲಾಖೆಗೇ ಅರ್ಜಿ ಹಾಕಿ, ಅನುದಾನದ ಕಡತ ಇರುವುದು ಅಲ್ಲೇ. 10 ರೂಪಾಯಿ ಶುಲ್ಕ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಾಲ್ಕು ಸಾಲಿನಲ್ಲಿ ಪದ್ಯ ಮುಗಿಸುವ ನಮಗೆ 150 ಪದ ಧಾರಾಳವಾಯಿತು.

ಕೇಳಬೇಕಾದ್ದು ಇಷ್ಟು. ಎಷ್ಟು ಹಣ, ಯಾವ ಆದೇಶದಿಂದ. ಸಂಘದ ಪದಾಧಿಕಾರಿಗಳು ಯಾರು. ಬಳಕೆ ಪ್ರಮಾಣಪತ್ರದ ನಕಲು, ಓಚರುಗಳ ನಕಲು. ಬಹುಮಾನ ಪಡೆದವರ ಪಟ್ಟಿ. ತೀರ್ಪುಗಾರರನ್ನು ಆರಿಸಿದವರು ಯಾರು. ಮೇಳದಲ್ಲಿ ದುಡಿದ ಕೂಲಿಯಾಳುಗಳಿಗೆ ಕೊಟ್ಟ ಕೂಲಿಯ ಲೆಕ್ಕ.

ಜೊತೆಗೆ ನಮ್ಮದೊಂದು ಒತ್ತಾಯ. ಸರ್ಕಾರದ ಒಂದು ರೂಪಾಯಿ ಬಿದ್ದ ಮೇಳದಲ್ಲೂ ಹೋರಿಯ ಒಡೆಯನ ಹೆಸರಿನ ಪಕ್ಕದಲ್ಲಿ ಅದನ್ನು ಸಾಕಿದ ಆಳಿನ ಹೆಸರು ಬರೆಯಬೇಕು, ಬಹುಮಾನದ ಹಣದಲ್ಲಿ ಆತನಿಗೂ ಪಾಲು ಬೇಕು. ಭೂಮಿ ಇಲ್ಲದ ಕೂಲಿಗಾರನೂ, ಕಳೆ ಕೀಳುವ ಹೆಂಗಸೂ ಕೃಷಿಕರೇ ಅಂತ ಆ ಚೀಟಿಯಲ್ಲಿ ಬರಲಿ.

ನಮ್ಮ ತಾಲ್ಲೂಕಿನ ಅರ್ಜಿಯನ್ನು ಹೋದ ಸೋಮವಾರ ಹಾಕಿದ್ದೇವೆ. ಉತ್ತರ ಕೊಡಲು ಅವರಿಗೆ ಮೂವತ್ತು ದಿನ. ನಿಮ್ಮ ನಿಮ್ಮ ಊರಿನ ಅರ್ಜಿ, ಉತ್ತರ, ಉತ್ತರ ಬಾರದಿದ್ದರೆ ಅದೂ, ಮುಂದಿನ ಸಭೆಗೆ ತನ್ನಿ. ಬರುವ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಬಿಟ್ಟಿದ್ದೇವೆ. ಹಗ್ಗ ಹಿಡಿದಿದ್ದ ಅಣ್ಣನೂ ಆ ಸಭೆಗೆ ಬರ್ತೀನಿ ಅಂದಿದ್ದಾನೆ.