ಕಂತು ಕಟ್ಟಿದರೆ ಬದುಕು ಕಟ್ಟಿದಂತಲ್ಲ

ಕಿರುಸಾಲ ಹಳ್ಳಿಯ ಹೆಣ್ಣುಮಕ್ಕಳನ್ನು ಸ್ವಾವಲಂಬಿಯಾಗಿಸಿದೆ, ತಪ್ಪದ ಮರುಪಾವತಿಯೇ ಅದಕ್ಕೆ ಸಾಕ್ಷಿ ಎಂಬ ವಾದವಿದೆ. ಅಡಮಾನವಿಲ್ಲದೆ ಸಾಲ ಸಿಗುವುದು ದೊಡ್ಡ ಅನುಕೂಲವೇ ಸರಿ. ಆದರೆ ಈ ಸಾಕ್ಷಿ ನಿಲ್ಲುವುದಿಲ್ಲ.

ಮೊದಲನೆಯದಾಗಿ, ಕಂತಿನ ಹಣ ಲಾಭದಿಂದಲೇ ಬರಬೇಕೆಂದಿಲ್ಲ. ಸಾಲದಲ್ಲಿ ಕೊಂಡ ಎಮ್ಮೆಯ ಹಾಲು ಬತ್ತಿದರೂ ವಾರದ ಕಂತು ಬತ್ತುವುದಿಲ್ಲ. ಜೊತೆಗೆ ಸಾಲ ಪಡೆದ ಗುಂಪಿನವರೆದುರು ಮಾನ ಹೋದೀತೆಂದು ಸಾಲ ಪಡೆದಾಕೆ ಓಲೆ ಗಿರವಿ ಇಡುತ್ತಾಳೆ, ಇಲ್ಲವೇ ಇನ್ನೊಂದು ಸಂಘದಲ್ಲಿ ಸಾಲ ಎತ್ತುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಅದೂ ಮರುಪಾವತಿಯೇ!

ಎರಡನೆಯದು, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ ಬಡ ಬಡಾವಣೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಕಿರುಸಾಲದ ಅಧ್ಯಯನ. ಸಣ್ಣ ವ್ಯಾಪಾರಗಳಿಗೆ ಬಂಡವಾಳ ಹರಿದದ್ದು ಅದರಲ್ಲಿ ಕಂಡಿತು. ಆರೋಗ್ಯ, ಶಿಕ್ಷಣ, ಮಹಿಳೆಯ ಸಬಲತೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅದೇ ವರ್ಷದ ಮೊರಾಕ್ಕೊ ಹಳ್ಳಿಗಳ ಅಧ್ಯಯನದಲ್ಲೂ ಮನೆಗಳ ಅನುಭೋಗ ಹೆಚ್ಚಲಿಲ್ಲ.

ಮೂರನೆಯದಾಗಿ, ಎಲ್ಲವೂ ಸಲೀಸಾಗಿದ್ದರೆ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತೇಕೆ?

ಸಾಲ ಬೇಡವೆಂದಲ್ಲ. ಒಂದು ಕುಟುಂಬದ ಸಾಲದ ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂಬ ರಿಸರ್ವ್ ಬ್ಯಾಂಕಿನ 2022ರ ನಿಯಮವನ್ನು ಸಾಲ ಕೊಡುವ ಸಂಸ್ಥೆಗಳು ಮೊದಲು ಪಾಲಿಸಲಿ. ಯಶಸ್ಸನ್ನು ಅಳೆಯಬೇಕಾದದ್ದು ಕಟ್ಟಿದ ಕಂತಿನಿಂದಲ್ಲ, ಕಟ್ಟಿದ ಮೇಲೆ ಸಾಲ ಪಡೆದಾಕೆಯ ಕೈಯಲ್ಲಿ ಉಳಿದ ಕಾಸಿನಿಂದ.