ಬಲಗೈಗೂ ಪಾಠ ಬೇಕು

ಠಾಕುರ್ಲಿಯ ನಮ್ಮ ಚಾಳಿನ ಹುಡುಗನೊಬ್ಬ ಕಳೆದ ಗಣೇಶೋತ್ಸವದಲ್ಲಿ ಮೇಳದೊಡನೆ ಬ್ಯಾಂಜೋ ನುಡಿಸಲು ಹೋಗಿ, ಮೂರನೆಯ ಹಾಡಿಗೇ ತೋಳು ಸೋತು ಹಿಂದಿರುಗಿದ. ಅಂದಿನಿಂದ ವಾದ್ಯ ಅಟ್ಟ ಸೇರಿದೆ. ತನ್ನ ಕೈಗೆ ಅದು ಒಲಿಯದೆನ್ನುತ್ತಾನಂತೆ. ಅವನ ತಾಯಿಯವರು ನಮ್ಮೊಡನೆ ಹೇಳಿಕೊಂಡು ನೊಂದರು.

ಇದು ಪಾಶ್ಚಾತ್ಯರ ಬ್ಯಾಂಜೋ ಅಲ್ಲವೆಂಬುದನ್ನು ವಾಚಕರು ಬಲ್ಲರು. 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೊತೊ ಎಂಬ ವಾದ್ಯವೇ ನಮ್ಮ ದೇಶಕ್ಕೆ ಬಂದು ಬುಲ್‌ಬುಲ್ ತರಂಗವಾಯಿತು. ಮುಂಬಯಿಯ ಬೀದಿಗಳಲ್ಲಿ ಬ್ಯಾಂಜೋ ಎನಿಸಿತು. ಎಡಗೈ ಮನೆಗಳನ್ನು ಒತ್ತುತ್ತದೆ, ಬಲಗೈ ತಂತಿಗಳನ್ನು ಮೀಟುತ್ತದೆ. ಹೊಸಬರ ಗಮನವೆಲ್ಲ ಎಡಗೈಯ ಮೇಲೆ. ದಣಿಯುವುದು ಮಾತ್ರ ಬಲಗೈ. ಡೋಲುಗಳ ಸದ್ದಿನ ನಡುವೆ ಬಲವಾಗಿ ಹೊಡೆದಷ್ಟೂ ಅದು ಬೇಗ ಬಿಗಿಯುತ್ತದೆ.

ನಮ್ಮ ಸಲಹೆ ಇಷ್ಟೆ. ಒಂದು ವಾರ ಎಡಗೈಗೆ ರಜೆ ಕೊಡಿರಿ. ಮೀಟುವ ಬಿಲ್ಲೆಯನ್ನು ಜಾರದಷ್ಟು ಮಾತ್ರ ಹಿಡಿಯಿರಿ; ಅದರ ತುದಿಯಷ್ಟೇ ತಂತಿಗೆ ತಾಗಲಿ. ತೋಳನ್ನಲ್ಲ, ಮಣಿಕಟ್ಟನ್ನು ಆಡಿಸಿರಿ. ಆಚೆಗೊಂದು, ಈಚೆಗೊಂದು, ಎರಡು ಮೀಟೂ ಸಮನಾಗಿ ಕೇಳಬೇಕು. ಆದಿತಾಳದ ಎಂಟು ಅಕ್ಷರಕ್ಕೆ ಎಂಟು ಮೀಟು. ಅದು ಕೂಡಿಬಂದ ಮೇಲೆ ಹದಿನಾರು. ಅನಂತರವೇ ಎರಡು ಕೈಗಳಿಂದ ಸರಳೆ ವರಸೆ. ಮೊಳಕೈ ಬಿಗಿದರೆ ಮತ್ತೆ ಮೊದಲನೆಯ ಕಾಲಕ್ಕೆ ಬನ್ನಿರಿ. ಊರಿನ ಸಂಗೀತದ ಮೇಷ್ಟ್ರು ನಮ್ಮಿಂದ ಅದನ್ನೇ ತಿಂಗಳುಗಟ್ಟಲೆ ಹಾಡಿಸುತ್ತಿರಲಿಲ್ಲವೆ?

ದಿನಕ್ಕೆ ಹತ್ತು ನಿಮಿಷ ಸಾಕು. ಪಕ್ಕದ ಖೋಲಿಯವರೂ ಸಹಿಸಿಯಾರು.

ತಮ್ಮಾ, ವಾದ್ಯವನ್ನು ಅಟ್ಟದಿಂದ ಇಳಿಸು. ಬರುವ ಚೌತಿಯಂದು ನಾವೆಲ್ಲ ಗಲ್ಲಿಯ ಬಾಯಲ್ಲಿ ಕಾದು ನಿಂತಿರುತ್ತೇವೆ.